ಕೈಪಿಡಿಯನ್ನು ಮಡಚದೆ ಓದುವ ಬಗ್ಗೆ

ವಾಸ ದೃಢೀಕರಣ ಇಲಾಖೆ
ಬಸವಕಲ್ಯಾಣ ಶಾಖೆ

ಸಂಖ್ಯೆ: ವಾದೃಇ/ಬಕ/ಮಡಿಕೆ-ನಿಷೇಧ/08-01
ದಿನಾಂಕ: ಹುಮನಾಬಾದಿನ ಹಾಸ್ಟೆಲ್ ಪ್ರವೇಶದ ಕೊನೆಯ ದಿನ

ಸುತ್ತೋಲೆ

ವಿಷಯ: ಲೇಟೆಕ್ ಮಾದರಿಗಳಿಂದ ಕೈಪಿಡಿ, ಕರಪತ್ರ ಹಾಗೂ ಚೀಟ್‌ಶೀಟ್ ತಯಾರಿಸುವಲ್ಲಿ ಪಾಲಿಸಬೇಕಾದ ಶಿಸ್ತು.

ಉಲ್ಲೇಖ: 1) ಇಲಾಖೆಯ ಮುದ್ರೆ ಇರುವ ಕಾಗದವನ್ನು ಮಡಚಬಾರದೆಂಬ ಸ್ಥಾಯಿ ಆದೇಶ.
2) ಮಂಠಾಳದ ಶ್ರೀಮತಿ ಸುಮನಬಾಯಿ ಅವರು ಬಾಗಿಲಲ್ಲಿ ನಿಂತು ನೀಡಿದ, ಇನ್ನೂ ನೀಡುತ್ತಿರುವ ಮೌಖಿಕ ದೂರು.

ವಾಸ ಪ್ರಮಾಣಪತ್ರ ಪಡೆಯುವ ವಿಧಾನವನ್ನು ಜನರಿಗೆ ತಿಳಿಸಲು ಹುಮನಾಬಾದ್ ಶಾಖೆಯ ಕಂಪ್ಯೂಟರ್ ಆಪರೇಟರ್ ಶ್ರೀ ಸಂಘರತ್ನ ಅವರು ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶದ ಸಿದ್ಧ ಮಾದರಿ ಬಳಸಿ ಎಂಟು ಪುಟದ ಕೈಪಿಡಿ ಮಾಡಿರುತ್ತಾರೆ. ಪುಟಕ್ಕೊಂದು ಹಂತ. ಹಾಳೆಗಳನ್ನು ನಡುವೆ ಮಡಚಿದರೆ ಪುಟಗಳು ಕ್ರಮವಾಗಿ ಬರುತ್ತವೆ. ಮಡಚದಿದ್ದರೆ ಎಂಟನೆಯ ಪುಟ ಎಡಕ್ಕೂ ಒಂದನೆಯ ಪುಟ ಅದರ ಬಲಕ್ಕೂ ಕೂರುತ್ತವೆ. ಉಲ್ಲೇಖ ಒಂದರ ಆದೇಶಕ್ಕೆ ತಲೆಬಾಗಿ ಈ ಶಾಖೆಯು ಹಾಳೆಗಳನ್ನು ಬಿಡಿಸಿಯೇ ಹಂಚಿದ್ದು, ಸಾರ್ವಜನಿಕರು ಕೊನೆಯ ಹಂತದಿಂದ ಕೆಲಸ ಆರಂಭಿಸಿರುವುದು ಗಮನಕ್ಕೆ ಬಂದಿದೆ. ಮಡಚಿ ಕೊಡಿ ಎಂದು ಸಂಘರತ್ನ ಅವರು ಫೋನಿನಲ್ಲಿ ಹೇಳಿದ್ದು ನಿಜ. ಫೋನಿನ ಮಾತಿಗೆ ಮುದ್ರೆ ಇಲ್ಲದ ಕಾರಣ ಅದನ್ನು ಕೇಳಿಸಿಕೊಂಡಿರುವುದಿಲ್ಲ.

ಆದಕಾರಣ ಎಲ್ಲ ಸಿಬ್ಬಂದಿ ಹಾಗೂ ಸಾರ್ವಜನಿಕರಿಗೆ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಕೈಪಿಡಿಯನ್ನು ಯಾವ ಕಾರಣಕ್ಕೂ ಮಡಚತಕ್ಕದ್ದಲ್ಲ. ಕ್ರಮವಾಗಿಯೇ ಓದಬೇಕೆಂಬ ಹಟವಿರುವವರು ಮುಂದಿನ ಪುಟ ಎಲ್ಲಿದೆಯೋ ಅಲ್ಲಿಗೆ ತಾವೇ ನಡೆದು ಹೋಗತಕ್ಕದ್ದು. ಇದಕ್ಕೆಂದು ಹಾಳೆಗಳನ್ನು ವರಾಂಡದಲ್ಲಿ ಹಾಸಲಾಗಿದೆ. ಚಪ್ಪಲಿ ಹೊರಗೆ ಬಿಡುವುದು.

2. ಕಡತವನ್ನು ಪಿಡಿಎಫ್ ಮಾಡುವಾಗ ಸಾಲು ಅಂಚು ಮೀರಿದರೆ ‘ಪೆಟ್ಟಿಗೆ ತುಂಬಿ ಹೊರಚೆಲ್ಲಿದೆ’, ಸಾಲಿಗೆ ಪದ ಕಡಿಮೆ ಬಿದ್ದರೆ ‘ಪೆಟ್ಟಿಗೆ ಪೂರ್ತಿ ತುಂಬಿಲ್ಲ’ ಎಂದು ಕಂಪ್ಯೂಟರ್ ಎಚ್ಚರಿಕೆ ಕೊಡುತ್ತಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ನೌಕರರಿಗೆ ಎಚ್ಚರಿಕೆ ಕೊಡುವ ಅಧಿಕಾರ ಶಾಖಾಧಿಕಾರಿಗೆ ಮಾತ್ರ ಇರುತ್ತದೆ. ಕಂಪ್ಯೂಟರ್ ಇನ್ನು ಮುಂದೆ ತನ್ನ ಎಚ್ಚರಿಕೆಗಳನ್ನು ಅವರ ಮೂಲಕವೇ ಸಲ್ಲಿಸತಕ್ಕದ್ದು. ಅವರು ರಜೆಯಲ್ಲಿದ್ದರೆ ಪೆಟ್ಟಿಗೆಯು ಚೆಲ್ಲದೆ ಕಾಯತಕ್ಕದ್ದು.

3. ರಾಜೇಶ್ವರ ಗ್ರಾಮಕ್ಕೆ ಹೋದ ಕರಪತ್ರದಲ್ಲಿ, ಮಾದರಿಯಲ್ಲಿ ಜಾಗ ತುಂಬಲು ಇಟ್ಟಿದ್ದ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳು ಹಾಗೇ ಉಳಿದಿವೆ. ಈ ಸಾಲುಗಳ ಬಗ್ಗೆ ಊರಿನಿಂದ ಒಂದೂ ಆಕ್ಷೇಪಣೆ ಬಂದಿಲ್ಲ. ಕನ್ನಡ ಭಾಗಕ್ಕೆ ಮಾತ್ರ ರಾಶಿ ಬಂದಿವೆ. ಆದ್ದರಿಂದ ಮುಂದಿನ ಮುದ್ರಣದಲ್ಲಿ ಲ್ಯಾಟಿನ್ ಉಳಿಸಿಕೊಂಡು ಕನ್ನಡವನ್ನು ಕೈಬಿಡತಕ್ಕದ್ದು.

4. ತಂತ್ರಾಂಶದ ಆಜ್ಞೆಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿದ ಚೀಟ್‌ಶೀಟ್ ನೋಡಿಕೊಂಡು ಕೆಲಸ ಮಾಡುವುದು ಪರೀಕ್ಷೆಯಲ್ಲಿ ಚೀಟಿ ನೋಡಿ ಬರೆದಂತಾಗುತ್ತದೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ. ಬೀಗ ತೆಗೆಯುವ ವಿಧಾನವನ್ನು ಅದೇ ಹಾಳೆಯ ಕೆಳಭಾಗದಲ್ಲಿ ಮುದ್ರಿಸಲಾಗಿದೆ.

5. ಸುಮನಬಾಯಿ ಅವರು ಮಗಳು ಪೂನಂಳನ್ನು ಹುಮನಾಬಾದಿನ ಹಾಸ್ಟೆಲಿಗೆ ಸೇರಿಸಲು ಪ್ರಮಾಣಪತ್ರ ಕೇಳಿ ಬಂದಿರುತ್ತಾರೆ. ಇಂದು ಸಂಜೆಯೊಳಗೆ ಅದು ಅಲ್ಲಿಗೆ ತಲುಪದಿದ್ದರೆ ಹುಡುಗಿಯ ಜಾಗ ಬೇರೆಯವರಿಗೆ ಹೋಗುತ್ತದೆ. ಕೈಪಿಡಿಯಲ್ಲಿ ಮೊದಲು ಕಣ್ಣಿಗೆ ಬಿದ್ದ ಎಂಟನೆಯ ಹಂತದಂತೆ ಅವರು ‘ಪ್ರಮಾಣಪತ್ರ ಸ್ವೀಕರಿಸಿದ್ದೇನೆ’ ಎಂದು ವಹಿಯಲ್ಲಿ ಸಹಿ ಹಾಕಿ, ಆಮೇಲೆ ಒಂದನೆಯ ಹಂತಕ್ಕೆ ಅರ್ಜಿ ಕೇಳಿರುತ್ತಾರೆ. ಒಮ್ಮೆ ಸ್ವೀಕರಿಸಿದವರಿಗೆ ಮತ್ತೆ ಕೊಡಲು ಬರುವುದಿಲ್ಲವೆಂದೂ, ಮೊದಲನೆಯದು ಕಳೆದುಹೋಗಿದೆಯೆಂದು ಬರೆದುಕೊಟ್ಟರೆ ನಕಲು ಸಿಗುವುದೆಂದೂ ತಿಳಿಸಲಾಯಿತು. ಅವರ ಹೇಳಿಕೆ ಯಥಾವತ್ತಾಗಿ: “ಕೊಟ್ಟೇ ಇಲ್ರಿ ಸಾಹೇಬ್ರ, ಕಳಕೊಳ್ಳೋದು ಹ್ಯಾಂಗ? ಮೊದಲ ಕೊಡ್ರಿ. ಬೇಕಂದ್ರ ನಿಮ್ಮ ಮುಂದೇ ಕಳಕೊಂಡು ತೋರಿಸ್ತೀನಿ.”

6. ಸದರಿ ಹೇಳಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ವಹಿಯನ್ನು ಮತ್ತೆ ತೆರೆದು ನೋಡಲಾಗಿ, ಸಹಿ ಅವರದೇ ಇರುತ್ತದೆ.

7. ಇಲಾಖೆಯ ವಹಿ ತಪ್ಪಾಗಿರಲು ನಿಯಮಗಳಲ್ಲಿ ಅವಕಾಶವಿಲ್ಲ. ವಹಿಯ ಪ್ರಕಾರ ಪ್ರಮಾಣಪತ್ರ ಕೊಡಲಾಗಿದೆ. ಕೊಟ್ಟ ಮೇಲೆ ಅದು ಇರಲೇಬೇಕು. ಇಲ್ಲದಿರುವುದು ಪ್ರಮಾಣಪತ್ರದ ಅಶಿಸ್ತು. ಆದ್ದರಿಂದ ಈಗಾಗಲೇ ಕೊಟ್ಟಿರುವುದನ್ನು ಈ ಕೂಡಲೇ ತಯಾರಿಸಿ ಕೊಡತಕ್ಕದ್ದು. ಎರಡರಿಂದ ಏಳರವರೆಗಿನ ಹಂತಗಳು ತಮ್ಮಷ್ಟಕ್ಕೆ ನಡೆದಿವೆ ಎಂದು ಭಾವಿಸತಕ್ಕದ್ದು. ಒಂದನೆಯ ಹಂತವಾದ ಅರ್ಜಿಯನ್ನು ಸುಮನಬಾಯಿ ಅವರು ತಮಗೆ ಬಿಡುವಾದಾಗ ಸಲ್ಲಿಸುವುದು.

8. ಇದೇ ನೆಪ ಹಿಡಿದು ಉಳಿದವರೂ ಮೊದಲೇ ಸಹಿ ಹಾಕತಕ್ಕದ್ದಲ್ಲ. ಇನ್ನೂ ಹಲವು ಅಂಶಗಳಿದ್ದವು. ಹುಮನಾಬಾದಿನ ಬಸ್ಸಿಗೆ ಹೊತ್ತಾಗುತ್ತಿದ್ದು, ಆ ತಾಯಿ ಬಾಗಿಲಲ್ಲಿ ಬೆಳಗಿನಿಂದ ನಿಂತೇ ಇರುವುದರಿಂದ, ಇನ್ನು ಬರೆಯಲು ಮನಸ್ಸಿಲ್ಲ.

(ಸಹಿ/-)
ಪ್ರಭಾರ ಶಾಖಾಧಿಕಾರಿ
ವಾಸ ದೃಢೀಕರಣ ಇಲಾಖೆ, ಬಸವಕಲ್ಯಾಣ
(ಮುದ್ರೆ ಹಾಳೆಯ ಅಂಚಿಗೆ ಸರಿದಿದೆ. ಮಾದರಿಯೇ ಹಾಗಿದೆ.)

ಪ್ರತಿಗಳು:
1. ಹುಮನಾಬಾದ್ ಶಾಖೆಗೆ. ಮಡಚದೆ ಲಕೋಟೆಯಲ್ಲಿ ಹಿಡಿಸದ ಕಾರಣ ಜವಾನರು ಎರಡೂ ಕೈಯಲ್ಲಿ ಹಿಡಿದು ತಲುಪಿಸುವುದು.
2. ಶ್ರೀ ಸಂಘರತ್ನ, ಆಪರೇಟರ್. ಫೋನಿನಲ್ಲಿ ಹೇಳಿದ್ದನ್ನು ಮುದ್ರೆ ಹಾಕಿ ಮತ್ತೊಮ್ಮೆ ಹೇಳುವ ಸಲುವಾಗಿ.
3. ಕಂಪ್ಯೂಟರ್. ಅಂಶ ಎರಡನ್ನು ಓದಿ ನಡತೆ ತಿದ್ದಿಕೊಳ್ಳಲು.
4. ಶ್ರೀಮತಿ ಸುಮನಬಾಯಿ, ಬಾಗಿಲ ಬಳಿ. ಪ್ರಮಾಣಪತ್ರ ಸಹಿತ. ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಲು ಅನುಮತಿಸಲಾಗಿದೆ.