ಮೂರನೆಯ ಪ್ರತಿ

ಬೆಳಗಾಗುತ್ತಲೇ ಮಾವನವರು 'ಡಾ.' ಎಂದು ಕೊರೆಸಿದ ಹಿತ್ತಾಳೆ ಫಲಕವನ್ನು ತಂದು ಅಳಿಯನ ಬಾಗಿಲಿಗೆ ಮೊಳೆ ಹೊಡೆದೇಬಿಟ್ಟರು. ಫಜೀತಿ ಶುರುವಾದದ್ದು ಅಲ್ಲಿಂದ. ಡಾಕ್ಟರೇಟಿನ ಮಾತು ಹಾಗಿರಲಿ, ಪ್ರಬಂಧವೇ ಇನ್ನೂ ಅಳಿಯನ ಕೈಚೀಲದಲ್ಲಿತ್ತು.

"ಮಾವ, ನಾನಿನ್ನೂ ಸಲ್ಲಿಸೇ ಇಲ್ಲ!"

"ಸಂಜೆ ಐದರವರೆಗೂ ಗಡುವಿದೆಯಲ್ಲ, ಸಲ್ಲಿಸ್ತೀರಿ ಬಿಡಿ. ಬೀದಿಗೆಲ್ಲ ಹೇಳಿಯಾಗಿದೆ."

ಅರ್ಥಶಾಸ್ತ್ರದಲ್ಲಿ ಸಂಶೋಧನೆಗೆಂದು ಅರ್ಜಿ ಹಾಕಿ ಹನ್ನೊಂದು ವರ್ಷ. ಆಗ ಅವನಿಗೆ ತಲೆತುಂಬ ಕೂದಲಿತ್ತು. ವಿಷಯ: 'ಸರದಿಯಲ್ಲಿ ಕಾಯುವುದರಿಂದಾಗುವ ಆರ್ಥಿಕ ನಷ್ಟ'. ಈ ವಿಷಯದಲ್ಲಿ ಅವನಷ್ಟು ನುರಿತವರು ಬೇರೆ ಯಾರೂ ಇರಲಿಲ್ಲ. ಇವತ್ತು ತಪ್ಪಿದರೆ ನೋಂದಣಿ ರದ್ದು. ಹಂಗಾಮಿ ಮೇಷ್ಟರಾಗಿಯೇ ಮುದುಕನಾಗಬೇಕು.

ಗೈಡು ಕ್ಷೌರದಂಗಡಿಯಲ್ಲಿ ಸಿಕ್ಕರು. 'ಪ್ರತಿ ಪುಟವನ್ನೂ ಓದಿ ತೃಪ್ತನಾಗಿದ್ದೇನೆ' ಎಂಬ ಪತ್ರಕ್ಕೆ ಮುಖದ ನೊರೆಯ ಸಮೇತ ಸಹಿ ಹಾಕಿ, "ಅಂದ ಹಾಗೆ, ನಿನ್ನ ವಿಷಯ ಏನಪ್ಪಾ?" ಎಂದರು. ಪ್ರಬಂಧವನ್ನು ತಿರುವಿ ನೋಡಿದವನು ಕ್ಷೌರಿಕನೊಬ್ಬನೇ.

"ಸಾರ್, ಇಲ್ಲಿ ಕೂಡಿದ್ದು ತಪ್ಪಾಗಿದೆ."

ನಿಜವಾಗಿಯೂ ತಪ್ಪಿತ್ತು. ಆ ಲೆಕ್ಕ ತಿದ್ದಿ, ಅದರ ಬಾಲ ಹಿಡಿದು ಬಂದ ಪುಟಗಳನ್ನೆಲ್ಲ ಮತ್ತೆ ಮುದ್ರಿಸಿ, ಏದುಸಿರು ಬಿಡುತ್ತಾ ಕಚೇರಿ ಸೇರುವಷ್ಟರಲ್ಲಿ ನಾಲ್ಕೂವರೆ.

ಅಲ್ಲಿನ ಗುಮಾಸ್ತರು ರೂಲ್ಸಿನ ಮನುಷ್ಯ. ಆರು ತಿಂಗಳಿಗೊಮ್ಮೆ, ಬರೆದಷ್ಟು ಅಧ್ಯಾಯಗಳ ಸಮೇತ ಪ್ರಗತಿ ವರದಿ ಕೊಡಬೇಕು, ಅದೂ ಮೂರು ಪ್ರತಿ. ಒಂದು ಗೈಡಿಗೆ, ಒಂದು ಫೈಲಿಗೆ. ಮೂರನೆಯದು ಯಾರಿಗೆಂದು ಕೇಳುವ ಧೈರ್ಯ ಅವನಿಗೆ ಬಂದಿರಲಿಲ್ಲ. ಇವತ್ತು ಮಾತ್ರ ಅವರು ಬೆಣ್ಣೆಯಂತಾಗಿದ್ದರು.

"ಮೂರು ಯಾಕೆ ಸಾರ್? ಒಂದೇ ಸಾಕು. ಹೋಗಿ ಕಾಪಿ ಪರೀಕ್ಷೆ ಮುಗಿಸ್ಕೊಂಡು ಬನ್ನಿ."

ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಹುಡುಗಿ ಕಣ್ಣರಳಿಸಿದಳು. "ಸಾರ್, ನೂರಕ್ಕೆ ತೊಂಬತ್ತೇಳು ಕಾಪಿ ಅಂತಿದೆ!"

"ಯಾರದ್ದಮ್ಮಾ? ನಾನೇ ಬರೆದದ್ದು!"

"ಹೋದ ವರ್ಷ ಬೇರೆ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಸಿಕ್ಕಿರೋ ಪ್ರಬಂಧ. ನೋಡಿ, ಹೆಸರಿದೆ."

ಆ ಹೆಸರನ್ನು ಅವನು ಹನ್ನೊಂದು ವರ್ಷ ಗುಮಾಸ್ತರ ಮೇಜಿನ ಮೇಲಿನ ನಾಮಫಲಕದಲ್ಲಿ ಓದಿದ್ದ. ಕಾಪಿಯಲ್ಲದ ಮೂರು ಪರ್ಸೆಂಟು ಕ್ಷೌರಿಕ ತಿದ್ದಿಸಿದ್ದು.

ಓಡಿ ಬಂದು ಮೇಜು ಗುದ್ದಿದ. "ನಿಮ್ಮ ಮೇಲೆ ದೂರು ಕೊಡ್ತೀನಿ!"

"ಧಾರಾಳವಾಗಿ ಕೊಡಿ. ದೂರು ಬರೋದೂ ನನ್ನ ಮೇಜಿಗೇ. ಮೂರು ಪ್ರತಿ."

ಗಡಿಯಾರ ಐದು ಹೊಡೆಯಿತು. ಗುಮಾಸ್ತರು ಹೊಸ ನೋಂದಣಿಯ ಅರ್ಜಿ ನಮೂನೆಯೊಂದನ್ನು ಮುಂದೆ ತಳ್ಳಿದರು. ಹರಿದು ಬಿಸಾಡಬೇಕೆನಿಸಿತು. ಆದರೆ ಬಾಗಿಲಲ್ಲಿ ಫಲಕ ಹೊಳೆಯುತ್ತಿದೆ, ಬೀದಿಗೆಲ್ಲ ಹೇಳಿಯಾಗಿದೆ. ಅವನು ಪೆನ್ನು ತೆಗೆದ.

"ಮೂರನೇ ಪ್ರತಿ ಈ ಸಲ ಯಾರಿಗೆ?" ಎಂದು ಕೊನೆಗೂ ಕೇಳಿದ.

"ನಮ್ಮ ಭಾಮೈದ ಒಬ್ಬನಿದ್ದಾನೆ ಸಾರ್," ಎಂದರು ಗುಮಾಸ್ತರು. "ಅವನಿಗೆ ಅಕ್ಷರ ಸ್ವಲ್ಪ ದಪ್ಪಗಿರ್ಲಿ."