ನನ್ನ ಪೋಕರ್ ಮುಖ ಮತ್ತು ಬಂಗುಡೆ ಪುಳಿಮುಂಚಿ

ನನ್ನ ಮುಖದ ಬಗ್ಗೆ ಐವತ್ತೊಂದು ವರ್ಷ ನನಗೆ ಯಾವ ದೂರೂ ಇರಲಿಲ್ಲ. ಕನ್ನಡಿಯಲ್ಲಿ ಸುಮಾರಾಗಿ ಕಾಣುತ್ತದೆ, ಆಧಾರ್ ಕಾರ್ಡಿನಲ್ಲಿ ಮಾತ್ರ ಬೇರೆ ಯಾರದೋ ಹಾಗೆ ಕಾಣುತ್ತದೆ (ಅದು ಎಲ್ಲರ ಕಷ್ಟ, ಬಿಡಿ). ಆದರೆ ಈ ಮುಖ ನನ್ನ ಪಕ್ಷದಲ್ಲಿಲ್ಲ, ಮದುವೆಯಾದ ದಿನದಿಂದಲೂ ಅದು ನನ್ನ ಹೆಂಡತಿ ಜಯಲತಾಳ ಕಡೆಗಿದೆ ಎಂಬ ಕಟುಸತ್ಯ ಕಳೆದ ತಿಂಗಳು ಇಸ್ಪೀಟಿನಿಂದಾಗಿ ಬಯಲಾಯಿತು.

ನಾನು ಸುದರ್ಶನ. ಹುಟ್ಟಿದ್ದು ಕಾಪುವಿನಲ್ಲಿ, ಸಂಸಾರ ಡೊಂಬಿವಲಿ ಪೂರ್ವದಲ್ಲಿ, ಕೆಲಸ ಠಾಣೆಯ ಒಂದು ಪಂಪಿನ ಕಂಪೆನಿಯ ಸ್ಟೋರ್ಸಿನಲ್ಲಿ. ಬೆಳಗಿನ ಎಂಟು ಐದರ ಲೋಕಲಿನಲ್ಲಿ ನಮ್ಮದೊಂದು ಇಸ್ಪೀಟು ಮಂಡಳಿ ಇತ್ತು. ನಾಲ್ವರ ಮೊಣಕಾಲಿನ ಮೇಲೆ ಒಂದು ಬ್ರೀಫ್‌ಕೇಸ್ ಅಡ್ಡ ಇಟ್ಟು ಆಡುತ್ತಿದ್ದೆವು. ಇಬ್ಬರು ರಿಟೈರ್ ಆದರು, ಒಬ್ಬ ಸೀವುಡ್ಸ್‌ನಲ್ಲಿ ಫ್ಲ್ಯಾಟ್ ತೆಗೆದುಕೊಂಡು ಲೈನೇ ಬದಲಾಯಿಸಿದ. ಕೊನೆಗೆ ಉಳಿದದ್ದು ನಾನು ಮತ್ತು ಬ್ರೀಫ್‌ಕೇಸ್. ಆ ದುಃಖದ ದಿನಗಳಲ್ಲಿ ಫೋನಿನಲ್ಲಿ ಪೋಕರ್ ಸಿಕ್ಕಿತು. ಪುಕ್ಕಟೆ ಚಿಪ್ಸಿನ, ಅಂದರೆ ದುಡ್ಡಿನ ಬದಲು ಬಿಲ್ಲೆಗಳ ಆಟ. ಗೆದ್ದರೆ ಒಂದು ವಡಾಪಾವ್ ಬರುವುದಿಲ್ಲ, ಸೋತರೆ ಒಂದು ಹೋಗುವುದೂ ಇಲ್ಲ.

ಮೊದಲ ಎರಡು ತಿಂಗಳು ಬಂದ ಎಲೆಗೆಲ್ಲ ಪಣ ಕಟ್ಟಿ ಸತತವಾಗಿ ಸೋತೆ. ಆಮೇಲೆ ವಿಡಿಯೋ ನೋಡಿದೆ, ಹಳೆಯ ಡೈರಿಯಲ್ಲಿ ನೋಟ್ಸ್ ಬರೆದುಕೊಂಡೆ. ಹತ್ತು ಸಲ ಎಲೆ ಬಂದರೆ ಎಂಟು ಸಲ ಸುಮ್ಮನೆ ಕೆಳಗಿಡುವವನೇ ಆಟಗಾರ ಎಂದು ತಿಳಿಯಿತು. ಕೈಯಲ್ಲಿ ಏನೂ ಇಲ್ಲದಾಗ ಎಲ್ಲ ಇರುವವನ ಹಾಗೆ ದೊಡ್ಡ ಪಣ ಕಟ್ಟಿ ಎದುರಾಳಿಯನ್ನು ಓಡಿಸುವ ಬ್ಲಫ್ ಎಂಬ ದಿವ್ಯಾಸ್ತ್ರವನ್ನೂ ಪಡೆದೆ. ಆರು ತಿಂಗಳಲ್ಲಿ ‘ಡೊಂಬಿವಲಿ ಕಿಂಗ್’ ಎಂಬ ನಾಮಧೇಯದಲ್ಲಿ ಗೋಲ್ಡ್ ದರ್ಜೆ ತಲುಪಿದೆ. ಅಲ್ಲಿ ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ ಎಂಬ ಸಣ್ಣ ವಿಷಯ ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಹೀಗಿರುವಾಗ ನಮ್ಮ ಮನೆಗೆಲಸದ ಕಲ್ಲವ್ವ ಒಂದು ಸಂಜೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಳು.

“ಅಕ್ಕಾರ, ಮಗಳ ಬಾಣಂತನ ಐತ್ರಿ. ಊರಿಗೆ ಹೊಂಟೀನಿ. ನಲವತ್ತು ದಿನ ಬರಾಂಗಿಲ್ಲ ನೋಡ್ರಿ.”

ಜಯಲತಾ ಅವಳನ್ನು ಸೀರೆ ಕೊಟ್ಟು ಕಳಿಸಿ, ಬಾಗಿಲು ಹಾಕಿ, ನನ್ನ ಕಡೆ ತಿರುಗಿದಳು. (ನಾವು ಮನೆಯಲ್ಲಿ ಮಾತಾಡುವುದು ತುಳು. ನಿಮಗಾಗಿ ಕನ್ನಡಕ್ಕೆ ತಿರುಗಿಸಿದ್ದೇನೆ, ತಿರುಗಿಸುವಾಗ ಸ್ವಲ್ಪ ಮೆತ್ತಗೂ ಮಾಡಿದ್ದೇನೆ.)

“ಆ ಫೋನು ಸ್ವಲ್ಪ ಕೆಳಗಿಡಿ ಮಾರಾಯ್ರೆ. ನಲವತ್ತು ದಿನ ಪಾತ್ರೆ ಯಾರು ತೊಳೆಯುವುದು?”

“ಹಂಚಿಕೊಳ್ಳುವ.”

“ಹೋದ ಸಲ ಹಂಚಿಕೊಂಡದ್ದು ನೆನಪುಂಟು. ನೀವು ಚಮಚ ತೊಳೆದಿರಿ.”

ಆಗಲೇ ನನಗೆ ಆ ಭಯಂಕರ ಐಡಿಯಾ ಬಂದದ್ದು. ದಿನಾ ಸಂಜೆ ಚಹಾದ ಹೊತ್ತಿಗೆ ಹತ್ತು ಕೈ ಪೋಕರ್ ಆಡುವುದು, ಸೋತವರು ಆ ದಿನದ ಪಾತ್ರೆ ತೊಳೆಯುವುದು. ಗೋಲ್ಡ್ ದರ್ಜೆಯ ನಾನೆಲ್ಲಿ, ಇಸ್ಪೀಟಿನಲ್ಲಿ ಕತ್ತೆ ಆಟಕ್ಕಿಂತ ಮುಂದೆ ಹೋಗದ ಅವಳೆಲ್ಲಿ. ನಲವತ್ತು ದಿನ ಸೋಫಾದ ಮೇಲೆ ಕಾಲು ಚಾಚಿ ಕೂತ ನನ್ನ ಚಿತ್ರ ಕಣ್ಣ ಮುಂದೆ ಬಂತು. ಅವಳು ಎರಡು ಕ್ಷಣ ನನ್ನ ಮುಖ ನೋಡಿ, “ಆಯ್ತು, ಕಲಿಸಿ,” ಎಂದಳು. ಅಷ್ಟು ಬೇಗ ಒಪ್ಪಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಚಿಪ್ಸಿನ ಬದಲು ತಲಾ ಐವತ್ತು ನೆಲಗಡಲೆ ಎಣಿಸಿಕೊಂಡೆವು. ಎಲೆ ಹಂಚಲು ಮಗಳು ನಿಶ್ಮಿತಾ ಕೂತಳು. ಇವಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ತುಳು ಕನ್ನಡ ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

ಮೊದಲು ಟೆಕ್ಸಸ್ ಹೋಲ್ಡೆಮ್. ಕೈಯಲ್ಲಿ ತಲಾ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದೆಲೆ, ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಜೋಡಿಸಿಕೊಂಡವರು ಗೆದ್ದಂತೆ. “ಕೂಡುಕುಟುಂಬದ ಹಾಗೆ,” ಎಂದಳು ಜಯಲತಾ. “ಕೋಣೆಯಲ್ಲಿ ಇರುವುದು ನಮ್ಮದು, ಚಾವಡಿಯಲ್ಲಿ ಇರುವುದು ಎಲ್ಲರದು.” ವಿಡಿಯೋದವನು ನಲವತ್ತು ನಿಮಿಷ ತೆಗೆದುಕೊಂಡದ್ದನ್ನು ಇವಳು ಒಂದೇ ವಾಕ್ಯದಲ್ಲಿ ಮುಗಿಸಿದ್ದು ನನಗೆ ಸರಿಕಾಣಲಿಲ್ಲ.

ನನಗೆ ಒಳ್ಳೆಯ ಎಲೆ ಬಂದಾಗಲೆಲ್ಲ ಅವಳು ತನ್ನೆಲೆ ಕೆಳಗಿಟ್ಟು ಒಂದೇ ಕಡಲೆಯಲ್ಲಿ ಪಾರಾದಳು. ನಾನು ಬ್ಲಫ್ ಮಾಡಿದಾಗಲೆಲ್ಲ “ಹಾಗಾ? ನಾನೂ ಇದ್ದೇನೆ,” ಎಂದು ಕಡಲೆಯ ರಾಶಿಯನ್ನೇ ಮುಂದೆ ತಳ್ಳಿದಳು. ಮೇಲಿಂದ ನಾನು ಟೆನ್ಷನ್ನಿನಲ್ಲಿ ಏಳೆಂಟು ಕಡಲೆ ತಿಂದುಬಿಟ್ಟಿದ್ದೆ. ಅರ್ಧ ಗಂಟೆಯಲ್ಲಿ ನಾನು ಸಿಂಕಿನ ಮುಂದೆ ನಿಂತಿದ್ದೆ.

ಹೊಸಬರ ಅದೃಷ್ಟ ಎಂದುಕೊಂಡೆ. ಒಂದು ವಾರ ದಿನಾಲೂ ಹಾಗೆಯೇ ಎಂದುಕೊಂಡೆ. ಎಂಟನೆಯ ದಿನ ಆಟವನ್ನೇ ಬದಲಿಸಿದೆ.

ಓಮಾಹಾದಲ್ಲಿ ಕೈಗೆ ನಾಲ್ಕೆಲೆ, ಅದರಲ್ಲಿ ಎರಡನ್ನು ಮಾತ್ರ ಬಳಸಬೇಕು. ಅವಳಿಗೆ ಗೊಂದಲವಾದೀತು ಎಂಬುದು ನನ್ನ ಲೆಕ್ಕ. ಗೊಂದಲವಾದದ್ದು ನನಗೆ. ಮೂರೆಲೆ ಬಳಸಿ ಗೆದ್ದೆನೆಂದು ಕುಣಿದು, ನಿಶ್ಮಿತಾ “ಪಪ್ಪಾ, ಸಿರ್ಫ್ ದೋ,” ಎಂದಾಗ ಕೂತೆ. ಆಮೇಲೆ ಫೈವ್ ಕಾರ್ಡ್ ಡ್ರಾ. ಇದರಲ್ಲಿ ಐದೆಲೆ ಕೊಡುತ್ತಾರೆ, ಬೇಡದ್ದನ್ನು ಹಿಂದೆ ಕೊಟ್ಟು ಬೇರೆ ಪಡೆಯಬಹುದು. ಫಡ್ಕೆ ರೋಡಿನ ಸೀರೆ ಅಂಗಡಿಗಳಲ್ಲಿ ಫಾಲ್ ಹೊಲಿಸಿದ ಸೀರೆಯನ್ನೂ ವಾಪಸು ಕೊಟ್ಟು ಬದಲಿಸಿ ತಂದ ಹೆಂಗಸಿನ ಜೊತೆ ಈ ಆಟ ಆಡಬಾರದಿತ್ತು. ಕೊನೆಗೆ ಕೆಟ್ಟ ಕೈಯವನೇ ಗೆಲ್ಲುವ ಲೋಬಾಲ್ ಎಂಬ ಆಟ ಹುಡುಕಿ ತೆಗೆದೆ. ನನ್ನ ಜಾತಕಕ್ಕೆ ಹೇಳಿ ಮಾಡಿಸಿದ ಆಟ. ಆ ಸಂಜೆ ಜೀವಮಾನದಲ್ಲಿ ಮೊದಲ ಸಲ ನನ್ನ ಕೈಗೆ ಮೂರು ಎಕ್ಕ, ಎರಡು ರಾಜ ಒಟ್ಟಿಗೆ ಬಂದವು. ಕುಕ್ಕರು ತಿಕ್ಕುತ್ತ ಅತ್ತೆನೆಂದು ನಿಶ್ಮಿತಾ ಎಲ್ಲರಿಗೂ ಹೇಳಿದ್ದಾಳೆ, ಅದು ಸೋಪಿನ ನೀರು.

ಮುಖ ನೋಡಿ ಕಂಡುಹಿಡಿಯುತ್ತಾಳೆ ಎಂಬ ಸಂಶಯ ಬಂದು ಮುಖ ಮುಚ್ಚಲು ಶುರುಮಾಡಿದೆ. ಮೇ ತಿಂಗಳ ಡೊಂಬಿವಲಿಯಲ್ಲಿ ಕಪ್ಪು ಕನ್ನಡಕ, ಮಂಕಿ ಕ್ಯಾಪ್ ಹಾಕಿ ಕೂತೆ. “ಸ್ವೆಟರ್ ಭೀ ಪಹನ್ ಲೋ, ಪಪ್ಪಾ,” ಎಂದಳು ಮಗಳು. ಹೆಂಡತಿ ಎಂದಿನಂತೆ ಗೆದ್ದಳು.

ಇಪ್ಪತ್ತಮೂರು ದಿನ ಹೀಗೆ ಕಳೆಯಿತು. ನನ್ನ ಕೈಬೆರಳು ಸುಕ್ಕುಗಟ್ಟಿ ಆಫೀಸಿನ ಬಯೋಮೆಟ್ರಿಕ್ ಮಿಷನ್ನು ನನ್ನನ್ನು ಗುರುತಿಸುವುದನ್ನು ಬಿಟ್ಟಿತು. ಇಪ್ಪತ್ತನಾಲ್ಕನೆಯ ದಿನ ಇನ್ನೊಂದು ಅನಾಹುತವಾಯಿತು. ಜಯಲತಾ ಅಕ್ಕಿ, ತೆಂಗಿನಕಾಯಿ ಎಲ್ಲ ತೆಗೆದುಕೊಂಡು ಸ್ಟೇಷನ್ ಹೊರಗೆ ನನಗಾಗಿ ಕಾಯುತ್ತಿದ್ದಳು. ನಾನು ಲೋಕಲಿನಲ್ಲಿ ಫೋನಿನೊಳಗೆ ಮುಳುಗಿ, ಡೊಂಬಿವಲಿ ದಾಟಿ, ಕಲ್ಯಾಣ ದಾಟಿ, ಶಹಾಡ್‌ನಲ್ಲಿ ತಲೆ ಎತ್ತಿದೆ. ವಾಪಸು ಬರುವಾಗ ಒಂದು ಗಂಟೆ ಕಳೆದಿತ್ತು. ಅವಳು ಬೈಯಲಿಲ್ಲ. ಮನೆ ತಲುಪಿ, ನೀರು ಕುಡಿದು, ಮೆಲ್ಲಗೆ ಹೇಳಿದಳು.

“ಭಾನುವಾರ ಒಂದೇ ಕೈ ಆಡುವ. ನೀವು ಸೋತರೆ ಆ ಪೋಕರ್ ಫೋನಿನಿಂದ ತೆಗೆಯಬೇಕು, ಪುನಃ ಹಾಕ್ಲಿಕ್ಕಿಲ್ಲ. ಗೆದ್ದರೆ ಕಲ್ಲವ್ವ ಬರುವ ತನಕ ಪಾತ್ರೆ ನನ್ನದು. ಫೋನಿನ ಸುದ್ದಿಗೂ ನಾನು ಬರುವುದಿಲ್ಲ.”

ನನಗೆ ನಿಜಕ್ಕೂ ಹೆದರಿಕೆಯಾಯಿತು. ದಿನವಿಡೀ ನಾನು ಎಣಿಸುವುದು ನಟ್ಟು ಬೋಲ್ಟು. ಲೋಕಲಿನಲ್ಲಿ ನಾನು ಇನ್ನೊಬ್ಬರ ಕಾಲ ಮೇಲೆ ನಿಂತ ಒಬ್ಬ. ಆ ಆಟದಲ್ಲಿ ಮಾತ್ರ ನಾನು ಕಿಂಗ್. ಅದೂ ಹೋದರೆ ಏನುಳಿಯಿತು?

ಶನಿವಾರ ಮಗಳನ್ನು ಬಾಲ್ಕನಿಗೆ ಕರೆದು ಕೈಮುಗಿದೆ. “ನಿನ್ನ ಅಮ್ಮನಿಗೆ ಹೇಗೆ ಗೊತ್ತಾಗುತ್ತದೆ, ಹೇಳು. ಫ್ರೆಂಡ್ಸ್ ಜೊತೆ ಕರ್ಜತ್ ಟ್ರಿಪ್ಪಿಗೆ ಹೋಗು, ನಾನು ಬೇಡ ಅನ್ನುವುದಿಲ್ಲ.”

“ಪಪ್ಪಾ, ಸಚ್ ಮೇ ಆಪ್‌ಕೋ ನಹೀ ಪತಾ?” ಅವಳಿಗೆ ನನ್ನ ಮೇಲೆ ಕನಿಕರವೇ ಬಂತು. “ಅಚ್ಛೇ ಪತ್ತೇ ಆತೇ ಹೈ ತೋ ಆಪ್ ಚಾಯ್ ಕೀ ತಾರೀಫ್ ಕರ್ತೇ ಹೋ. ಖರಾಬ್ ಆತೇ ಹೈ ತೋ ಚಾಯ್ ಮೇ ಕುಛ್ ನ ಕುಛ್ ಗಲತೀ ನಿಕಾಲ್ತೇ ಹೋ.”

ಯೋಚಿಸಿದೆ. ಹೌದು. ಎಕ್ಕದ ಜೋಡಿ ಬಂದಾಗ ‘ಇವತ್ತು ಚಹಾ ಫಸ್ಟ್‌ಕ್ಲಾಸ್’, ಎರಡು ಮತ್ತು ಏಳರ ದರಿದ್ರ ಎಲೆ ಬಂದಾಗ ‘ಶುಂಠಿ ಸ್ವಲ್ಪ ಹೆಚ್ಚಾಯ್ತಾ?’ ಮಂಕಿ ಕ್ಯಾಪ್ ಬಾಯಿಯ ಮೇಲೆ ಇರಲಿಲ್ಲವಲ್ಲ. ಆದರೆ ರೋಗ ಗೊತ್ತಾದ ಮೇಲೆ ಮದ್ದು ಸುಲಭ. ಒಳ್ಳೆಯ ಎಲೆ ಬಂದಾಗ ಬೈಯಬೇಕು, ಅಷ್ಟೇ.

ಭಾನುವಾರ ಮಧ್ಯಾಹ್ನ ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. ಈ ಹುಳಿ ಖಾರದ ಮೀನುಸಾರು ನನ್ನ ಅತ್ತೆ ಪದ್ಮಾವತಿಯವರ ಕೈಯಿಂದ ಮಗಳ ಕೈಗೆ ಬಂದದ್ದು, ಅವರ ಮನೆತನದ ಮರ್ಯಾದೆ ಅದರಲ್ಲಿದೆ. ಉಂಡು, ಮೇಜು ಒರೆಸಿ, ಕೂತೆವು. ನಿಶ್ಮಿತಾ ಹೋಲ್ಡೆಮ್ ಹಂಚಿದಳು. ಎಲೆ ಮೆಲ್ಲಗೆ ಎತ್ತಿ ನೋಡಿದೆ. ಎರಡು ರಾಜ. ಮೇಜಿನ ಮೇಲೆ ಮೊದಲ ಮೂರೆಲೆ ತೆರೆದಳು: ಇನ್ನೊಂದು ರಾಜ, ಎರಡು ಏಳು. ಸೋಲುವುದೇ ಕಷ್ಟವೆನ್ನುವಷ್ಟು ದೊಡ್ಡ ಕೈ, ನನ್ನ ಎದೆ ಫಾಸ್ಟ್ ಲೋಕಲಿನ ಹಾಗೆ ಓಡಿತು. ಎಲ್ಲ ಕಡಲೆಯನ್ನೂ ಮುಂದೆ ತಳ್ಳಿ, ಮುಖ ಸಿಂಡರಿಸಿ, ಕಂಠಪಾಠ ಮಾಡಿದ್ದನ್ನು ಒಪ್ಪಿಸಿದೆ.

“ಇವತ್ತು ಪುಳಿಮುಂಚಿಗೆ ಹುಳಿ ಜಾಸ್ತಿಯಾಯ್ತು.”

ಅವಳು ಕಣ್ಣೆತ್ತಿದಳು. ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಬ್ಲಫ್ ಗಟ್ಟಿಯಾಗಿರಬೇಕೆಂದು ವಿಡಿಯೋದಲ್ಲಿ ಹೇಳಿದ್ದರು.

“ನಿನ್ನ ಅಮ್ಮ ಮಾಡಿದ್ದಕ್ಕೂ ಯಾವಾಗಲೂ ಹಾಗೆಯೇ. ಹೇಳುವುದು ಬೇಡ ಅಂತ ಇಷ್ಟು ವರ್ಷ ಸುಮ್ಮನಿದ್ದೆ.”

ನಿಶ್ಮಿತಾ ಎಲೆಗಳ ಕಟ್ಟನ್ನು ಮೇಜಿನ ಮೇಲಿಟ್ಟು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ಜಯಲತಾ ತನ್ನ ಐವತ್ತು ಕಡಲೆಯನ್ನೂ ಒಂದೊಂದಾಗಿ ಅಲ್ಲ, ಒಟ್ಟಿಗೇ ನೂಕಿದಳು. ಉಳಿದ ಎರಡೆಲೆಯೂ ಬಿದ್ದವು. ಅವಳ ಕೈಯಲ್ಲಿದ್ದದ್ದು ಬರೀ ಎರಡು ರಾಣಿ. ನಾನು ರಾಜರನ್ನು ಮೇಜಿನ ಮೇಲಿಟ್ಟೆ.

ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವಳ ಎದುರು ನಾನು ಗೆದ್ದ ಮೊದಲ ಪಂದ್ಯ. ಸೋಫಾದ ಮೇಲೆ ಹತ್ತಿ ಕುಣಿಯುವ ಆಸೆಯಿತ್ತು. ಆದರೆ ಅಷ್ಟರಲ್ಲಿ ಜಯಲತಾ ಕಡಲೆಯನ್ನೆಲ್ಲ ಬಳಿದು ನನ್ನ ಮುಂದೆ ಸರಿಸಿದಳು.

“ಗೆದ್ದಿರಿ,” ಎಂದಳು. “ಒಂದು ಮಾತು ಕೇಳ್ತೇನೆ. ಈಗ ಹೇಳಿದಿರಲ್ಲ, ಹುಳಿ ಜಾಸ್ತಿ, ಅಮ್ಮನದ್ದೂ ಹಾಗೆಯೇ ಅಂತ. ಅದು ಆಟಕ್ಕಾ, ನಿಜಕ್ಕಾ?”

“ಆಟಕ್ಕೆ ಮಾರಾಯ್ತಿ, ದೇವರಾಣೆ ಆಟಕ್ಕೆ.”

ಅವಳು ನನ್ನ ಮುಖ ನೋಡಿದಳು. ನಾನು ಗೋಲ್ಡ್ ದರ್ಜೆಯ ಮುಖ ಹಾಕಿ ಕೂತೆ. ಉಸಿರು ಬಿಡಲಿಲ್ಲ, ರೆಪ್ಪೆ ಬಡಿಯಲಿಲ್ಲ. ಐದು ಸೆಕೆಂಡ್ ಆಗಿರಬಹುದು.

“ನಿಜಕ್ಕೆ,” ಎಂದಳು.

(ಹುಳಿ ಒಂದು ಚೂರು ಜಾಸ್ತಿ ಇರುತ್ತದೆ, ಹೌದು. ಮದುವೆಯಾದ ಮರುದಿನದಿಂದಲೂ. ನೀವು ಯಾರಿಗೂ ಹೇಳಬೇಡಿ.)

“ಮಾತು ಅಂದರೆ ಮಾತು,” ಎಂದು ಅವಳು ಎದ್ದಳು. “ಪಾತ್ರೆ ನಾನು ತೊಳೀತೇನೆ. ಫೋನು ನಿಮ್ಮದೇ, ಎಷ್ಟು ಬೇಕಾದರೂ ಆಡಿ. ಅಡಿಗೆ ಮಾತ್ರ ಹುಳಿಯ ಹದ ಗೊತ್ತಿರುವವರು ಮಾಡ್ಲಿ.”

ಸಂಜೆಯೊಳಗೆ ಕಾಪುವಿನಿಂದ ಅತ್ತೆಯ ಫೋನು ಬಂತು. ಅವರ ದನಿ ಎಂದಿಗಿಂತ ಮೃದುವಾಗಿತ್ತು. “ಅಳಿಯಂದಿರೇ, ಪುಳಿಮುಂಚಿಗೆ ಹುಳಿ ಎಷ್ಟು ಹಾಕಬೇಕು ಅಂತ ನನಗೂ ಸ್ವಲ್ಪ ಹೇಳಿಕೊಡಿ. ಎಪ್ಪತ್ತೆರಡು ವರ್ಷ ಆಯ್ತು, ಕಲೀಲಿಕ್ಕೆ ಆಗ್ಲಿಲ್ಲ ನೋಡಿ.” ನಾನು ಮಿಕ್ಸರ್ ಚಾಲೂ ಮಾಡಿ, ಏನೂ ಕೇಳಿಸುವುದಿಲ್ಲ ಎಂದೆ.

ಈಗ ಬೆಳಿಗ್ಗೆ ಐದೂವರೆಗೆ ಎದ್ದು ಉಪ್ಪಿಟ್ಟು, ಸಂಜೆ ಬಂದು ಅನ್ನ ಸಾರು, ಭಾನುವಾರ ಮೀನು. ಕಲ್ಲವ್ವ ಬಂದರೂ ಇದು ಬದಲಾಗುವ ಲಕ್ಷಣವಿಲ್ಲ, ಅವಳು ತೊಳೆಯುವವಳು, ಮಾಡುವವಳಲ್ಲ. ಫೋನು ನನ್ನದೇ, ಆದರೆ ನನ್ನ ಎರಡೂ ಕೈಯಲ್ಲಿ ಮಸಾಲೆ. ಹಾಗಾಗಿ ಜಯಲತಾ ಸೋಫಾದಲ್ಲಿ ಕಾಲು ಚಾಚಿ ಅದರಲ್ಲಿ ‘ಸುಮ್ಮನೆ ನೋಡ್ತೇನೆ’ ಎಂದು ಓಮಾಹಾ ಆಡುತ್ತಾಳೆ. ಕಳೆದ ಗುರುವಾರ ಡೊಂಬಿವಲಿ ಕಿಂಗ್ ಪ್ಲ್ಯಾಟಿನಮ್ ದರ್ಜೆಗೆ ಏರಿದನೆಂದು ಅಲ್ಲಿಂದಲೇ ಕೂಗಿ ಹೇಳಿದಳು.

ಮೊನ್ನೆ ಭಾನುವಾರ ನಾನೇ ಬಂಗುಡೆ ಪುಳಿಮುಂಚಿ ಮಾಡಿದೆ. ಇಬ್ಬರಿಗೂ ಬಡಿಸಿ ಎದುರು ನಿಂತೆ. ಜಯಲತಾ ಒಂದು ತುತ್ತು ಬಾಯಿಗಿಟ್ಟು, ನಿಧಾನಕ್ಕೆ ಅಗಿದು, ನುಂಗಿದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಲಾಯ್ಕ ಆಗಿದೆ,” ಎಂದಳು. “ಹುಳಿ ಸರಿಯಾಗಿ ಉಂಟು. ಇನ್ನು ಮುಂದೆ ನೀವೇ ಮಾಡಿ.”

ಎಷ್ಟು ಹೊತ್ತು ನೋಡಿದರೂ ಅದು ನಿಜವೋ ಬ್ಲಫ್ಫೋ ನನಗೆ ತಿಳಿಯಲಿಲ್ಲ. ಕೊನೆಗೆ ಮಗಳ ಕಡೆ ತಿರುಗಿದೆ.

“ಬಹುತ್ ಅಚ್ಛಾ ಹೈ, ಪಪ್ಪಾ,” ಎಂದಳು ನಿಶ್ಮಿತಾ.

ಪಾಪ, ಅವಳಿಗೆ ಬಂದಿರುವುದು ನನ್ನ ಮುಖ.