ಇಸ್ಪೀಟಿಗೊಂದು ಹಿಡಿ ಜೋಳದ ಹಿಟ್ಟು

ಮಕ್ಕಳೇ, ನಿಮ್ಮ ಅಜ್ಜಿಗೆ ಇಸ್ಪೀಟು ಆಡಲು ಬರುತ್ತದೆ. ಇದನ್ನು ಓಣಿಯಲ್ಲಿ ಹೇಳಬೇಡಿ. ನಾಲ್ಕು ಜನ ಕೂತಲ್ಲಿ ಬಾಯಿ ತೆರೆಯಲು ನಾಚುವ ನಾನು, ಇಸ್ಪೀಟಿನ ಕಟ್ಟನ್ನು ಬೀಸಣಿಕೆಯಂತೆ ಬಿಚ್ಚಲು ಯಾಕೆ ಕಲಿತೆ, ಕಲಿತು ಏನು ಉದ್ಧಾರ ಮಾಡಿದೆ ಎಂಬುದನ್ನು ಬರೆದಿಡುತ್ತಿದ್ದೇನೆ. ಇಲ್ಲದಿದ್ದರೆ ಖಾನಾಪುರದ ಅಜ್ಜ, ಅಂದರೆ ನನ್ನ ಅಣ್ಣ ಚನ್ನಪ್ಪ, ತನಗೆ ಬೇಕಾದ ಉಪ್ಪು ಖಾರ ಹಾಕಿ ನಿಮಗೆ ಹೇಳುತ್ತಾನೆ.

ಆಟ ಕಲಿಸಿದ್ದು ನಿಮ್ಮ ಅಜ್ಜ. ಮಳೆಗಾಲದ ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ನಾವಿಬ್ಬರೇ ರಮ್ಮಿ ಆಡುತ್ತಿದ್ದೆವು. ಅವರು ಹೋದ ಮೇಲೆ ನನ್ನ ಜೊತೆ ಆಡುವವರು ಯಾರೂ ಇರಲಿಲ್ಲ. ಒಬ್ಬಳೇ ಕೂತು ರಮ್ಮಿ ಆಡಿದರೆ ಜನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಬೆಳಗಾವಿಯ ನಮ್ಮ ನೆಹರು ನಗರದ ತುಂಬ ಆಸ್ಪತ್ರೆಗಳೇ, ಡಾಕ್ಟರಿಗೇನು ಬರವೇ!

ಪ್ರತಿ ನಾಗರಪಂಚಮಿಗೆ ನಾನು ಬೆಳಗಾವಿಯಿಂದ ಖಾನಾಪುರದ ತವರಿಗೆ ಹೋಗುತ್ತೇನೆ. ಅಲ್ಲಿ ಅಣ್ಣನ ಪಡಸಾಲೆಯಲ್ಲಿ ಜಮಖಾನೆ ಹಾಸಿ ಗಂಡಸರು ಇಸ್ಪೀಟಿಗೆ ಕೂಡುತ್ತಾರೆ. ದುಡ್ಡಿನ ಆಟವಲ್ಲ. ಸೋತವರಿಗೆ ಅವಮಾನ, ಗೆದ್ದವರಿಗೆ ಮೀಸೆ ತಿರುವುವ ಹಕ್ಕು, ಅಷ್ಟೇ. ಅಣ್ಣನ ಸಿದ್ಧಾಂತ ಬಹಳ ಗಟ್ಟಿ. ವರ್ಷವಿಡೀ ಇಸ್ಪೀಟು ಮನೆಹಾಳು ಕೆಲಸ. ಪಂಚಮಿಯಲ್ಲಿ ಅದು ಸಂಪ್ರದಾಯ. ಹೆಂಗಸರು ಮುಟ್ಟಿದರೆ ಮತ್ತೆ ಮನೆಹಾಳು ಕೆಲಸ. ಹೆಂಗಸರಿಗೆಂದು ಹಿತ್ತಲಿನ ಕೊಟ್ಟಿಗೆಯೊಳಗೆ, ಮಳೆ ತಾಗದ ಹಾಗೆ, ಜೋಕಾಲಿ ಕಟ್ಟಿರುತ್ತಾರೆ. ಮೊಣಕಾಲು ನೋಯುವ ನನ್ನಂಥವರಿಗೆ ಒಲೆ ಇದೆ. ಕೂತು ಕೂತು ದಣಿದ ಗಂಡಸರಿಗೆ ಚಹಾ ಬೇಕಲ್ಲ!

ಹಿಂದಿನ ಪಂಚಮಿಯಲ್ಲಿ ಆಟಕ್ಕೆ ಒಂದು ಕೈ ಕಡಿಮೆ ಬಿತ್ತು. ಚಹಾದ ತಾಟು ಹಿಡಿದು ನಿಂತಿದ್ದ ನಾನು, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ, "ಅಣ್ಣಾ, ನಾ ಕುಂದರ್ಲೇನು?" ಎಂದೆ.

ಅಣ್ಣನಿಗೆ ಒಂದು ಚಟವಿದೆ. ಇಡೀ ಕಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳಿನಿಂದ ಒಮ್ಮೆ ಸವರಿದನೆಂದರೆ ಎಲೆಗಳು ಬೀಸಣಿಕೆಯ ಹಾಗೆ ಸುತ್ತಲೂ ಬಿಚ್ಚಿಕೊಳ್ಳುತ್ತವೆ. ಅದನ್ನು ನನ್ನ ಮೂಗಿನ ಮುಂದೆಯೇ ಮಾಡಿ ತೋರಿಸಿದ.

"ಮೊದಲ ಹಿಂಗ ಬಿಚ್ಚಾಕ ಕಲಿ, ಶಾಂತಾ. ಕಲ್ತು ಬಂದಿ ಅಂದ್ರ ನನ್ನ ಬಾಜೂಕ ಜಾಗಾ ಕೊಡ್ತೀನಿ. ಅಲ್ಲೀತನಕ ಚಹಾ ಚೊಲೋ ಮಾಡ್ತಿ, ಅದನ್ನ ಮಾಡು."

ಎಲ್ಲರೂ ನಕ್ಕರು. ಪಕ್ಕದ ಮನೆಯ ಬಾಬುರಾವ್ ಮಾಮಾ ಮಾತ್ರ ನಗದೆ, ಈ ಮಾತಿಗೆ ತಾನು ಸಾಕ್ಷಿ ಎಂದರು. ಅವರು ಯಾವಾಗಲೂ ಅಣ್ಣನಿಗೆ ಸೋಲುವವರು.

ಬೆಳಗಾವಿಗೆ ಮರಳಿದೊಡನೆ ಸದರಿ ವಿದ್ಯೆಯ ಅಭ್ಯಾಸವನ್ನು ಶಾಸ್ತ್ರೋಕ್ತವಾಗಿ ಆರಂಭಿಸಲಾಯಿತು. ಶ್ರೇಯಾ, ನಿನ್ನ ಹಳೆಯ ಇಸ್ಪೀಟಿನ ಕಟ್ಟು ಕಳೆದುಹೋಗಿದೆ ಎಂದು ನೀನು ಅತ್ತಿದ್ದೆಯಲ್ಲ, ಅದು ನನ್ನ ಸೆರಗಿನಲ್ಲಿತ್ತು. ಒಳಗಿನಿಂದ ಚಿಲಕವಿದ್ದದ್ದು ದೇವರ ಕೋಣೆಗೆ ಮಾತ್ರ. ಅಲ್ಲಿಯೇ ಕೂತೆ. ಎಡಗೈಯಲ್ಲಿ ಹಿಡಿದೆ, ಬಲಗೈಯಿಂದ ಸವರಿದೆ. ಅರ್ಧ ಎಲೆಗಳು ಮಡಿಲಿಗೆ, ಉಳಿದರ್ಧ ವಿಭೂತಿಯ ಬಟ್ಟಲಿಗೆ. ಇಸ್ಪೀಟಿನ ರಾಣಿ ಒಬ್ಬಳು ಹಣೆಗೆ ವಿಭೂತಿ ಹಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಇತ್ತ ನನ್ನ ಸೊಸೆ, ಅಂದರೆ ನಿಮ್ಮ ಅವ್ವ, ನಮ್ಮ ಅತ್ತೆಯವರು ಈಗೀಗ ಎಷ್ಟು ಹೊತ್ತು ಲಿಂಗಪೂಜೆ ಮಾಡುತ್ತಾರೆ ಎಂದು ಓಣಿಯೆಲ್ಲ ಹೊಗಳಿ ಬಂದಳು. ಇಬ್ಬರು ಹೆಂಗಸರು ನನ್ನ ಕಾಲಿಗೂ ಬಿದ್ದರು. ಬೇಡ ಅನ್ನಲು ನಾಚಿಕೆಯಾಗಿ ಆಶೀರ್ವಾದ ಮಾಡಿದೆ.

ಪೂಜೆ ಬೆಳೆಯಿತು, ವಿದ್ಯೆ ಬೆಳೆಯಲಿಲ್ಲ.

ಒಂದು ದಿನ ರೊಟ್ಟಿ ಬಡಿಯುತ್ತಿದ್ದಾಗ ಜ್ಞಾನೋದಯವಾಯಿತು. ಕೆಳಗೆ ಒಣ ಹಿಟ್ಟು ಉದುರಿಸಿದ್ದಕ್ಕೇ ಅಲ್ಲವೇ ರೊಟ್ಟಿ ಅಂಟದೆ ಸುತ್ತಲೂ ತಿರುಗುವುದು? ಇಸ್ಪೀಟಿನ ಎಲೆ ಎಂದರೇನು, ಬಹಳ ತೆಳ್ಳಗಿನ ರೊಟ್ಟಿ! ಪ್ರತಿ ಎಲೆಗೂ ಎರಡೂ ಬದಿ ಜೋಳದ ಹಿಟ್ಟು ಸವರಿ, ಕೊಡವಿ, ಕಟ್ಟನ್ನು ಹಿಡಿದು ಬೆರಳಾಡಿಸಿದೆ. ಸರ್ರನೆ ಬಿಚ್ಚಿಕೊಂಡಿತು. ನಂಬಿಕೆಯಾಗದೆ ಮುಚ್ಚಿ ಮತ್ತೆ ಬಿಚ್ಚಿದೆ. ನವಿಲು ಕೂಡ ಅಷ್ಟು ಚೆಂದ ಬಿಚ್ಚಲಾರದು. ಜೀವಮಾನವಿಡೀ ರೊಟ್ಟಿ ಬಡಿದದ್ದು ಈ ದಿನಕ್ಕೇ ಎಂದುಕೊಂಡೆ.

ಪಂಚಮಿ ಬಂತು. ನಯವಾಗಿ ಸೋಸಿದ ಹಿಟ್ಟಿನ ಪೊಟ್ಟಣವನ್ನು ಉಂಡಿಯ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದೆ. ಹಬ್ಬದ ದಿನ ಅಣ್ಣ ಸ್ನಾನಕ್ಕೆ ಹೋದದ್ದೇ ತಡ, ಅವನು ತಂದಿಟ್ಟಿದ್ದ ಹೊಸ ಕಟ್ಟನ್ನು ಅಡುಗೆಮನೆಗೆ ಒಯ್ದೆ. ಹೊಸ ಎಲೆಗಳು ತಾವಾಗಿಯೇ ಜಾರುತ್ತವೆ, ಅವಕ್ಕೆ ಏನೂ ಹಚ್ಚಬೇಕಾಗಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಧಾರಾಳವಾಗಿ ಹಿಟ್ಟು ಹಚ್ಚಿದೆ. ಹೇಗೂ ಹಿಟ್ಟು ನನ್ನದೇ ಅಲ್ಲವೇ ಎಂದು ಇನ್ನೊಂದು ಚಿಟಿಕೆ ಹೆಚ್ಚಿಗೇ ಹಾಕಿದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಅದನ್ನು ನೋಡಿ ಏನಿದು ಎಂದು ಕೇಳಿದಳು. ಹೊಸ ಎಲೆಗಳಿಗೆ ದೃಷ್ಟಿ ತೆಗೆಯುತ್ತಿದ್ದೇನೆ ಎಂದೆ. ಅವಳು ನಂಬಿದಳು.

ಮಧ್ಯಾಹ್ನ ಹೊರಗೆ ಧೋ ಎಂದು ಮಳೆ. ಒಳಗೆ ಜಮಖಾನೆ ತುಂಬಾ ಗಂಡಸರು. ನಾನು ತಾಟನ್ನು ಕೆಳಗಿಟ್ಟು ಕಟ್ಟನ್ನು ಎತ್ತಿಕೊಂಡೆ. ಬೆರಳು ಸವರಿದೆ. ಎಲೆಗಳು ಈ ತುದಿಯಿಂದ ಆ ತುದಿಯವರೆಗೆ ಅರಳಿ ನಿಂತವು! ಜೊತೆಗೆ ಸಣ್ಣದೊಂದು ಬಿಳಿ ಮೋಡವೂ ಎದ್ದಿತು. ಬಾಬುರಾವ್ ಮಾಮಾ ಸೀನಿದರು. ಸೀನಿನ ನಡುವೆಯೇ, "ಚನ್ನಪ್ಪಾ, ಮಾತಂದ್ರ ಮಾತು. ಜಾಗಾ ಬಿಡು," ಎಂದರು.

ಅಣ್ಣ ಮುಖ ಸಪ್ಪೆ ಮಾಡಿಕೊಂಡು ಸರಿದ. ನಾನು ಕೂತೆ. ಆ ಜಮಖಾನೆಯನ್ನು ಎಷ್ಟೋ ಸಲ ಝಾಡಿಸಿದ್ದೇನೆ, ಒಗೆದಿದ್ದೇನೆ. ಅದು ಇಷ್ಟು ಮೆತ್ತಗಿದೆ ಎಂದು ಗೊತ್ತಾದದ್ದು ಅಂದೇ.

ಅಣ್ಣ ಎಲೆ ಹಂಚಲು ಶುರು ಮಾಡಿದ. ಅವನ ಇನ್ನೊಂದು ಚಟವನ್ನು ನಾನು ಮರೆತೇಬಿಟ್ಟಿದ್ದೆ. ಪ್ರತಿ ಎಲೆಗೂ ಅವನು ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುತ್ತಾನೆ.

ಮೊದಲನೆಯ ಸುತ್ತು ಸಾಗಿತು. ಎರಡನೆಯ ಸುತ್ತಿನಲ್ಲಿ ಅಣ್ಣ ನಾಲಿಗೆ ಚಪ್ಪರಿಸಿದ. ಮತ್ತೊಮ್ಮೆ ಚಪ್ಪರಿಸಿದ. ಆಮೇಲೆ ಎಲೆಗಳು ಜೋಡಿ ಜೋಡಿಯಾಗಿ ಬರತೊಡಗಿದವು. ಮಳೆಯ ತಂಪು, ಅಣ್ಣನ ಎಂಜಲು, ನನ್ನ ಹಿಟ್ಟು, ಮೂರೂ ಕೂಡಿ ಪೋಸ್ಟರ್ ಹಚ್ಚುವಂಥ ಗಟ್ಟಿ ಅಂಟಾಗಿತ್ತು. ರಾಜನ ಬೆನ್ನಿಗೆ ರಾಣಿ ಅಂಟಿದ್ದಳು, ರಾಣಿಯ ಬೆನ್ನಿಗೆ ಜೋಕರ್.

"ಶಾಂತಾ," ಎಂದ ಅಣ್ಣ, ಬಹಳ ಮೆಲ್ಲಗೆ. "ಈ ಎಲಿ ಯಾಕವಾ ರೊಟ್ಟಿ ರುಚಿ ಅದಾವು?"

ಸುಳ್ಳು ಹೇಳಲು ಬಾಯಿ ತೆರೆದೆ. ನಾಚಿಕೆಯಿಂದ ಖರೆಯೇ ಹೊರಗೆ ಬಂತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಒರೆಸಿಯಾದರೂ ಆಡಬಹುದಿತ್ತು. ಆದರೆ ಕೈಗೆ ಬಂದ ಜಾಗ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಒಂದು ನಿಮಿಷದಲ್ಲಿ ಒಣಗಿಸಿ ತರುತ್ತೇನೆಂದು ಎಲ್ಲ ಎಲೆಗಳನ್ನೂ ಬಾಚಿಕೊಂಡು ಒಲೆಯ ಹತ್ತಿರ ಓಡಿದೆ. ಹಂಚು ಇನ್ನೂ ಬಿಸಿ ಇತ್ತು. ಎಲೆಗಳನ್ನು ಅದರ ಮೇಲೆ ಹರಡಿದೆ. ಅವು ಒಣಗಿದವು. ಒಣಗಿ ಹಪ್ಪಳದ ಹಾಗೆ ಸುರುಳಿ ಸುತ್ತಿದವು. ಅಭ್ಯಾಸಬಲದಿಂದ ನಾನು ಅವನ್ನು ಮಗುಚಿಯೂ ಹಾಕಿದೆ! ಪಡಸಾಲೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಮುಟ್ಟಿದಾಗ ಎಲ್ಲರೂ ಎದ್ದು ಬಂದರು.

ಮನೆಯಲ್ಲಿ ಇನ್ನೊಂದು ಕಟ್ಟು ಇರಲಿಲ್ಲ. ಹಬ್ಬವೆಂದು ಅಂಗಡಿಗಳು ಮುಚ್ಚಿದ್ದವು. ಅಣ್ಣನ ಪಡಸಾಲೆಯಲ್ಲಿ ಆಟವಿಲ್ಲದ ಪಂಚಮಿ ನನಗೆ ತಿಳಿದಂತೆ ಅದೇ ಮೊದಲನೆಯದು. ಅಣ್ಣ ಬಯ್ಯಲಿಲ್ಲ. ಬಾಯಲ್ಲಿ ಇನ್ನೂ ಹಿಟ್ಟಿತ್ತೋ ಏನೋ.

ಮಳೆಗೆ ಗಂಡಸರು ಮನೆಗೂ ಹೋಗುವಂತಿರಲಿಲ್ಲ. ಕೈಗೆ ಕೆಲಸವಿಲ್ಲದೆ ಗೋಡೆಗೆ ಒರಗಿ ಕೂತು ಆಕಳಿಸಿದರು. ಇಸ್ಪೀಟು ಆಡುವಾಗ ಅವರು ಆಗೊಮ್ಮೆ ಈಗೊಮ್ಮೆ ಚಹಾ ಕೇಳುತ್ತಿದ್ದರು. ಆಟವಿಲ್ಲದಾಗ ಅದನ್ನು ಬಿಟ್ಟು ಬೇರೇನೂ ಕೇಳುವುದಿಲ್ಲ ಎಂಬ ಸತ್ಯ ನನಗೆ ಅಂದು ತಿಳಿಯಿತು.

ವೈನಿ ಹಾಲಿನ ಪಾತೇಲಿಯನ್ನು ನನ್ನ ಮುಂದೆ ಕುಕ್ಕಿ, "ನೀವ ಮಾಡ್ರಿ ಶಾಂತಕ್ಕಾ, ಇದು ನಿಮ್ಮ ಪುಣ್ಯಾ," ಎಂದು ಜೋಕಾಲಿ ಆಡಲು ಹೊರಟುಹೋದಳು.

ಸಂಜೆಯವರೆಗೂ ಚಹಾ ಕುದಿಸಿದೆ. ಆ ಹೊತ್ತಿಗೆ ಜಮಖಾನೆಯ ಮೇಲೆ ಬೇಕಾದಷ್ಟು ಜಾಗ ಖಾಲಿಯಿತ್ತು, ಕೂಡಲು ನನಗೇ ಪುರುಸೊತ್ತಿರಲಿಲ್ಲ.